ಹೆಬ್ಬೆರಳಿನ ಗುಳಿ

ಮಾರ್ಚ್ ೪, ಸೋಮವಾರ

ಕೋರ್ಟಿನಿಂದ ತಡೆಯಾಜ್ಞೆ ಬಂತು. ಇವತ್ತಿನಿಂದ ನಮ್ಮ ಶೆಡ್ಡಿನಲ್ಲಿ ಗುಳಿ ಹಿಡಿಕೆಯ ಎರಕ ಹೊಯ್ಯುವಂತಿಲ್ಲ, ಮಾರುವಂತಿಲ್ಲ, ಅಂಗಡಿಯವರಿಗೆ ತೋರಿಸುವಂತೆಯೂ ಇಲ್ಲ. ಕುಲುಮೆ ಆರಿಸಿದೆ. ಕೆಲಸದ ದಿನ ಈ ಕುಲುಮೆ ಆರಿದ್ದು ಎರಡೇ ಸಲ. ಒಂದು ಅಪ್ಪ ಹೋದಾಗ, ಇನ್ನೊಂದು ಇವತ್ತು.

ನಾವು ಮಾಡುವುದು ಹಿತ್ತಾಳೆಯ ಬಾಗಿಲ ಹಿಡಿಕೆ. ಹತ್ತು ಮಾಡಿದರೆ ಅದರಲ್ಲಿ ಎಂಟು ಗುಳಿಯದ್ದು. ಮೇಲ್ಗಡೆ, ಹೆಬ್ಬೆರಳು ಬರುವ ಜಾಗದಲ್ಲಿ ಸಣ್ಣ ಗುಳಿ. ಬಾಗಿಲು ತೆರೆಯುವವರು ನೋಡದೆಯೇ ಅಲ್ಲಿ ಬೆರಳಿಡುತ್ತಾರೆ. ಒಮ್ಮೆ ಹಿಡಿದವರು ಬೇರೆಯದನ್ನು ಕೇಳುವುದಿಲ್ಲ. ಮೂರು ವರ್ಷದ ಹಿಂದೆ ದೊಡ್ಡ ಕಂಪನಿಯೊಂದು ಇದನ್ನು ತನ್ನ ವಿನ್ಯಾಸವೆಂದು ನೋಂದಾಯಿಸಿಕೊಂಡಿತು. ಈಗ ನಾನೇ ಕಳ್ಳಿಯಂತೆ. ಅವರ ಕಾಗದದಲ್ಲಿ ಬರೆದಿದೆ: ಈ ವಿನ್ಯಾಸದ ಹೊಸತನವು ಹಿಡಿಕೆಯ ಮೇಲ್ಭಾಗದ ಗುಳಿಯಲ್ಲಿದೆ. ಕೆಳಗೆ ವಿನ್ಯಾಸ ಮಾಡಿದ ಮಹಾಶಯನ ಹೆಸರು.

ಆ ಮಹಾಶಯ ನನಗಿಂತ ನಾಲ್ಕು ವರ್ಷ ಮುಂಚೆ ಇದೇ ಮನೆಯಲ್ಲಿ ಹುಟ್ಟಿದವನು. ಮೂವತ್ತೆರಡು ವರ್ಷದ ಹಿಂದೆ ಅಪ್ಪನ ಹೊಸ ಮರದ ಅಚ್ಚಿನ ಮೇಲೆ ಉಳಿ ಜಾರಿಸಿ, ಅಚ್ಚು ಕೆಡಿಸಿ, ಮನೆಯಿಂದ ಹೊರಬಿದ್ದ. ಹೊಸ ಶಾಲೆಯ ಬಾಗಿಲುಗಳಿಗೆ ಹಿಡಿಕೆ ಕೊಡುವ ಗಡುವು ತಲೆ ಮೇಲಿತ್ತು. ಅಪ್ಪ ಬೈದುಕೊಳ್ಳುತ್ತಲೇ ಕೆಟ್ಟ ಅಚ್ಚನ್ನು ಮರಳಿಗೊತ್ತಿ ಎರಕ ಹೊಯ್ದ. ಜನಕ್ಕೆ ಹಿಡಿಸಿದ್ದು ಆ ಕೆಟ್ಟದ್ದೇ.

ಎಡಗೈ ಹೆಬ್ಬೆರಳಿನ ಹಳೆಯ ಕಲೆ ಇವತ್ತೇಕೋ ಚುಳುಚುಳು ಅನ್ನುತ್ತಿದೆ. ಚಿಕ್ಕಂದಿನಲ್ಲಿ ತರಕಾರಿ ಹೆಚ್ಚುವಾಗ ಆದದ್ದು.

ಮಾರ್ಚ್ ೬, ಬುಧವಾರ

ಲಾಯರಮ್ಮನನ್ನು ಕಂಡೆ. ನನಗಿಂತ ಚಿಕ್ಕವಳು. ಒಂದು ಮಾತಿಗೆ ಇನ್ನೊಂದು ಮಾತು ಸೇರಿಸಿ ಖರ್ಚು ಮಾಡುವವಳಲ್ಲ.

"ಬರೀ ತಡೆ ತೆಗೆಸೋದು ಬೇಡ. ನೋಂದಣಿನೇ ರದ್ದು ಮಾಡಿ ಅಂತ ಕೇಳೋಣ. ಅವರು ಅರ್ಜಿ ಹಾಕೋಕೆ ಮುಂಚೆನೇ ಈ ಆಕಾರ ಜನರ ಕಣ್ಣಿಗೆ ಬಿದ್ದಿತ್ತು ಅಂತ ತೋರಿಸಿದ್ರೆ ಸಾಕು. ಹೊಸದಲ್ಲದ್ದನ್ನ ಯಾರೂ ನಂದು ಅನ್ನೋ ಹಾಗಿಲ್ಲ."

"ತೋರಿಸೋದೇನು ಬಂತು, ಊರಿಗೆಲ್ಲ ಗೊತ್ತು," ಅಂದೆ.

"ಊರಿಗೆ ಗೊತ್ತಿರೋದು ಕೋರ್ಟಿಗೆ ಗೊತ್ತಿರಲ್ಲ ಮೇಡಂ. ತಾರೀಖಿರೋದು ಏನಾದ್ರೂ ತನ್ನಿ."

ಹಳೇ ರಸೀದಿ ಪುಸ್ತಕಗಳನ್ನೆಲ್ಲ ತೆಗೆದು ಸುರಿದೆ. ಅಪ್ಪ ಗುಳಿಯಿದ್ದದ್ದು, ಗುಳಿಯಿಲ್ಲದ್ದು ಎರಡೂ ಮಾಡುತ್ತಿದ್ದ. ರಸೀದಿಯಲ್ಲಿ ಮಾತ್ರ ಎರಡಕ್ಕೂ 'ಹಿಡಿಕೆ' ಅಂತಷ್ಟೇ. ಅಂಗಡಿಯವರು ಕಂಪನಿಯ ಮಾಲನ್ನೂ ಮಾರುತ್ತಾರೆ, ಸಾಕ್ಷಿ ಅನ್ನುತ್ತಲೇ ಅವರಿಗೆ ಕಿವಿ ಕೇಳಿಸುವುದಿಲ್ಲ. ನಮ್ಮ ಇಬ್ಬರು ಎರಕದವರ ಮಾತು ನಡೆಯುವುದಿಲ್ಲ, ಅವರು ನನ್ನ ಅನ್ನ ತಿನ್ನುವವರು. ಹಿಡಿಕೆಯ ಮೇಲಂತೂ ಯಾರೂ ತಾರೀಖು ಕೆತ್ತುವುದಿಲ್ಲ.

ಮಾರ್ಚ್ ೧೫, ಶುಕ್ರವಾರ

ಮೊದಲ ಹಾಜರಿ. ಕಂಪನಿಯ ಪರವಾಗಿ ಮಹಾಶಯನೇ ಬಂದು ಕೂತಿದ್ದ. ನಾನು ಆ ಕಡೆ ತಲೆ ತಿರುಗಿಸಲಿಲ್ಲ. ಹತ್ತು ನಿಮಿಷದಲ್ಲಿ ಮುಂದಿನ ತಾರೀಖು ಕೊಟ್ಟು ಕಳಿಸಿದರು.

ಮನೆಗೆ ಬಂದರೆ ಅಮ್ಮ ಕಾಯುತ್ತಿದ್ದಳು. ಮಂಡಿನೋವಿನಿಂದ ಅವಳು ಹೊಸ್ತಿಲು ದಾಟಿ ವರ್ಷವಾಯಿತು, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ.

"ಬಂದಿದ್ನಾ?"

"ಬಂದಿದ್ದ."

"ತೆಳ್ಳಗಾಗಿದಾನಾ?"

"ನಾನ್ಯಾಕೆ ನೋಡ್ಲಿ? ನಮ್ಮ ಶೆಡ್ಡು ಮುಚ್ಚಿಸೋಕೆ ಬಂದವನು ತೆಳ್ಳಗಿದ್ರೇನು, ದಪ್ಪಗಿದ್ರೇನು?"

"ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಇಬ್ಬರೂ ನನ್ನ ಹೊಟ್ಟೆಲೇ ಹುಟ್ಟಿದೀರಲ್ಲ, ನಾನು ಯಾರ ಕಡೆ ಕೂರ್ಲಿ?" ಮಂಡಿ ನೀವಿಕೊಳ್ಳುತ್ತಾ ತಾನೇ ಹೇಳಿದಳು, "ಅವನೂ ಕಲ್ಲೇ ಬಿಡು. ಸಾಯೋ ಅಪ್ಪ ಕರೆಸಿದ್ರೂ ಬರದವನು. ಅವನ ಮನೆ ಬಾಗಿಲು ನಾನು ತುಳಿಯಲ್ಲ. ಆದ್ರೂ ತೆಳ್ಳಗಾಗಿದಾನಾ ಅಂತ ಕೇಳಿದ್ರೆ ತಪ್ಪೇನು?"

ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಅಂತ ಎದ್ದು ಹೋದೆ. ಒಲೆ ಹಚ್ಚಿಯೇ ಇರಲಿಲ್ಲ.

ಏಪ್ರಿಲ್ ೨, ಮಂಗಳವಾರ

ಸಿಕ್ಕಿತು! ಅಪ್ಪ ಮೊದಲ ಗುಳಿ ಹಿಡಿಕೆಗಳನ್ನು ಕೊಟ್ಟ ಆ ಶಾಲೆಯನ್ನು ಕೆಡವಿ ಹೊಸದು ಕಟ್ಟಿದ್ದಾರೆ, ಹಳೇ ಬಾಗಿಲುಗಳು ಎಲ್ಲಿ ಹೋದವೋ ಯಾರಿಗೂ ತಿಳಿಯದು. ಆದರೆ ಅಲ್ಲಿನ ಗುಮಾಸ್ತರು ಬೀರುವಿನ ತಳದಿಂದ ಉದ್ಘಾಟನೆಯ ಸ್ಮರಣ ಸಂಚಿಕೆ ತೆಗೆದು ಕೊಟ್ಟರು. ಅಚ್ಚಾದ ವರ್ಷ, ತಿಂಗಳು, ದಿನ ಎಲ್ಲ ಇದೆ. ಮೂರನೇ ಪುಟದಲ್ಲಿ ಹೆಡ್‌ಮಾಸ್ತರು ಮುಖ್ಯ ಬಾಗಿಲು ತೆರೆಯುತ್ತಿರುವ ಫೋಟೋ. ಹಿಡಿಕೆ ನಮ್ಮದೇ! ದಾರಿಯುದ್ದಕ್ಕೂ ಸಂಚಿಕೆಯನ್ನು ಎದೆಗವಚಿಕೊಂಡು ಬಂದೆ.

ಶೆಡ್ಡಿನ ಬೆಳಕಿಗೆ ಹಿಡಿದು ಸರಿಯಾಗಿ ನೋಡಿದೆ. ಹೆಡ್‌ಮಾಸ್ತರ ಹೆಬ್ಬೆರಳು ಗುಳಿಯ ಮೇಲೇ ಇದೆ. ಗುಳಿ ಪೂರ್ತಿ ಮುಚ್ಚಿಹೋಗಿದೆ.

ಅಲ್ಲಿ ಗುಳಿ ಇರುವುದರಿಂದಲೇ ಅವರು ಬೆರಳನ್ನು ಅಲ್ಲಿಟ್ಟರು. ಇಟ್ಟಿದ್ದರಿಂದಲೇ ಗುಳಿ ಕಾಣುವುದಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಏಪ್ರಿಲ್ ೧೯, ಶುಕ್ರವಾರ

ಎದುರು ವಕೀಲ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿ, "ಸ್ವಾಮಿ, ಇಲ್ಲಿ ನನಗೆ ಕಾಣೋದು ಬೆರಳು. ಬೆರಳಿನ ಕೆಳಗೆ ಏನಿದೆ ಅಂತ ಹೇಳೋಕೆ ಎದುರುಪಾರ್ಟಿಗೆ ದಿವ್ಯದೃಷ್ಟಿ ಇರಬಹುದು," ಅಂದ. ಕೂತವರೆಲ್ಲ ನಕ್ಕರು. ಮಹಾಶಯ ನಕ್ಕನೋ ಇಲ್ಲವೋ ನೋಡಲಿಲ್ಲ. ನಕ್ಕಿರುತ್ತಾನೆ.

ಅವರ ವಾದ ಇಷ್ಟೇ: ನಮ್ಮಪ್ಪ ಮಾಡುತ್ತಿದ್ದದ್ದು ಬರೀ ಬೋಳು ಹಿಡಿಕೆ. ಕಂಪನಿಯದ್ದು ನೋಡಿದ ಮೇಲೆ ನಾನು ಗುಳಿ ಸೇರಿಸಿಕೊಂಡೆ.

ಏಪ್ರಿಲ್ ೨೦, ಶನಿವಾರ

ಲಾಯರಮ್ಮ ಕೇಳಿದಳು, "ನಿಮ್ಮಣ್ಣ ಮನೆ ಬಿಟ್ಟಿದ್ದು ಯಾಕೆ?"

ಅಚ್ಚು ಕೆಡಿಸಿದ್ದಕ್ಕೆ ಅಪ್ಪ ಹೊರಗೆ ಹಾಕಿದ ಎಂದೆ. ಅವಳು ಪೆನ್ನು ಕೆಳಗಿಟ್ಟಳು.

"ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಅವರು ಕಟಕಟೆಗೆ ಬರ್ತಾರಲ್ಲ, ಒಂದೇ ಪ್ರಶ್ನೆ ಕೇಳ್ತೀನಿ. ನಿಮ್ಮಪ್ಪ ನಿಮ್ಮನ್ನ ಯಾಕೆ ಹೊರಗೆ ಹಾಕಿದ್ರು? 'ಗುಳಿ ಬೀಳಿಸಿ ಕೆಡಿಸಿದೆ' ಅಂದ್ರೂ ನಾವು ಗೆದ್ವಿ. 'ನಾನು ಕೆಡಿಸ್ಲಿಲ್ಲ, ಸುಮ್ಮನೆ ನನ್ನ ಮೇಲೆ ಹಾಕಿದ್ರು' ಅಂದ್ರೂ ಗೆದ್ವಿ. ಹೇಗೂ ಆವತ್ತೇ ಗುಳಿ ಇತ್ತು ಅಂತಾಗುತ್ತೆ. ಅಲ್ಲೀವರೆಗೂ ಯಾರ ಹತ್ರನೂ ಬಾಯಿ ಬಿಡಬೇಡಿ. ಸುಳಿವು ಸಿಕ್ಕಿದ್ರೆ ಉತ್ತರ ಬಾಯಿಪಾಠ ಮಾಡಿಸಿ ಕರ್ಕೊಂಡು ಬರ್ತಾರೆ."

ಖುಷಿಯಾಗಬೇಕಿತ್ತು. ಟೀ ಕುಡಿದು ಬಂದೆ.

ಏಪ್ರಿಲ್ ೨೧, ಭಾನುವಾರ

ಬರೆಯುವಂಥದ್ದೇನೂ ಇಲ್ಲ.

ಜೂನ್ ೧೦, ಸೋಮವಾರ

ಇವತ್ತೂ ಮುಂದೂಡಿದರು. ಇಬ್ಬರು ಎರಕದವರಲ್ಲಿ ಒಬ್ಬ ಹೋದ ವಾರ ಬೇರೆ ಕಡೆ ಕೆಲಸ ಹಿಡಿದ. ಉಳಿದವನು ಬೋಳು ಹಿಡಿಕೆಗೆ ಪಾಲಿಶ್ ಹಾಕುತ್ತಾ, ಹಾಕಿದ್ದಕ್ಕೇ ಮತ್ತೆ ಹಾಕುತ್ತಾ ಕೂತಿರುತ್ತಾನೆ. ಇನ್ನು ಆರು ತಿಂಗಳು ಹೀಗಾದರೆ ಬೀಗ ಹಾಕುವುದೇ.

ಕೋರ್ಟಿನ ಪಡಸಾಲೆಯಲ್ಲಿ ನೀರಿನ ನಲ್ಲಿಯ ಹತ್ತಿರ ಎದುರುಬದುರಾದೆವು. ಅವನು ಕುಡಿಯಲು ಬಗ್ಗಿದ್ದವನು ಸರಿದು ನಿಂತು, "ಮುಂದೆ ಹೋಗು," ಅಂದ. ಮೂವತ್ತೆರಡು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು. ಕುಡಿದೆ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ನನ್ನ ನಾಲಿಗೆ ಅಮ್ಮನದೇ ಅಲ್ಲವೇ.

"ಅಪ್ಪನ ಕೆಲಸ ಕದ್ದು ನಿನ್ನ ಹೆಸರು ಹಾಕ್ಕೊಂಡಿದೀಯಲ್ಲ, ನಾಚಿಕೆ ಆಗಲ್ವಾ?"

ಅವನು ಜಗಳ ಆಡಲಿಲ್ಲ. ಕೈ ಒರೆಸಿಕೊಳ್ಳುತ್ತಾ ಅಂದ, "ಆ ಗುಳಿ ತಪ್ಪು ಅಂತಿದ್ದಾಗ ನಂದು ಅಂದ್ರಿ. ಈಗ ಒಪ್ಪು ಅಂತಾದಾಗ ನಂದಲ್ಲ ಅಂತೀರಾ?"

ಅವನ ಉಗುರುಗಳ ಸಂದಿನಲ್ಲಿ ಹಿತ್ತಾಳೆಯ ಪುಡಿ ಇತ್ತು. ಕಂಪನಿಯಲ್ಲಿ ಕುರ್ಚಿ ಮೇಲೆ ಕೂತು ಗೆರೆ ಎಳೆಯುತ್ತಾನೆ ಅಂದುಕೊಂಡಿದ್ದೆ. ಇನ್ನೂ ಅರ ಹಿಡಿದು ಉಜ್ಜುತ್ತಾನೆ.

ಅಮ್ಮ ಎಂದಿನ ಪ್ರಶ್ನೆ ಕೇಳಿದಳು. "ಕೈ ಮಾತ್ರ ನೋಡಿದೆ," ಅಂದೆ.

ಜೂನ್ ೧೨, ಬುಧವಾರ

ಮೊದಲ ಪುಟದಲ್ಲಿ ತರಕಾರಿ ಹೆಚ್ಚುವಾಗ ಆದ ಗಾಯ ಎಂದು ಬರೆದಿದ್ದೇನೆ. ನಾನೊಬ್ಬಳೇ ಓದುವ ಪುಸ್ತಕದಲ್ಲಿ ಯಾರಿಗೆ ಹೆದರಿ ಹಾಗೆ ಬರೆದೆನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದೇನೆ, ಅದೂ ಯಾರೂ ಕೇಳುವ ಮುಂಚೆ.

ನನಗೆ ಹದಿನೈದು. ಉಳಿ ಹಿಡಿಯುವ ಆಸೆ. "ಉಳಿ ನಿನ್ನ ಕೈಗಲ್ಲ" ಎಂದು ಅಪ್ಪ ಮುಟ್ಟಲು ಬಿಡುತ್ತಿರಲಿಲ್ಲ. ಅಣ್ಣನಿಗೆ ಎಲ್ಲ ಬಿಡುತ್ತಿದ್ದ. ಅವತ್ತು ಇಬ್ಬರೂ ಊಟಕ್ಕೆ ಹೋದಾಗ ಒಳಗೆ ಹೋದೆ. ಹೊಸ ಅಚ್ಚು ಮೇಜಿನ ಮೇಲಿತ್ತು, ಮುಗಿದ ಕೆಲಸ. ಅಂಚನ್ನು ಇಷ್ಟೇ ಇಷ್ಟು ನಯ ಮಾಡೋಣ ಎಂದುಕೊಂಡೆ. ಉಳಿ ಜಾರಿತು. ಮರವೂ ಸೀಳಿತು, ಅಚ್ಚು ಹಿಡಿದಿದ್ದ ಎಡಗೈ ಹೆಬ್ಬೆರಳೂ ಸೀಳಿತು. ಸೀಳು ಕಾಣದಿರಲಿ ಎಂದು ಅದನ್ನು ಸುತ್ತ ಕೆರೆದು ದುಂಡಗೆ ಮಾಡಿದೆ. ಸರಿಯಾಯಿತೇ ಎಂದು ನೋಡಲು ಬಲಗೈ ಹೆಬ್ಬೆರಳನ್ನು ಇಟ್ಟಿಟ್ಟು ನೋಡಿ, ಬೆರಳು ಕೂರುವವರೆಗೆ ಕೆರೆದೆ.

ಕಂಪನಿಯ ಕಾಗದದಲ್ಲಿ ಬರೆದಿರುವ ಹೊಸತನದ ಅಳತೆ ಇದೇ.

ಅಪ್ಪ ಬಂದು ನೋಡಿ "ಯಾರು?" ಎಂದ. ನಾನು ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಅಣ್ಣ "ನಾನಲ್ಲ" ಎಂದ. ಉಳಿ ಹಿಡಿಯುವವರು ಆ ಮನೆಯಲ್ಲಿ ಇಬ್ಬರೇ, ಕೇಳಿದವನು ಒಬ್ಬ. ಅಪ್ಪ ಅಣ್ಣನ ಕೆನ್ನೆಗೆ ಹೊಡೆದು, ಕೆಡಿಸಿದ್ದೂ ಅಲ್ಲದೆ ಸುಳ್ಳು ಬೇರೆ ಎಂದು ಬಾಗಿಲು ತೋರಿಸಿದ. ಅಣ್ಣ ಉಟ್ಟ ಬಟ್ಟೆಯಲ್ಲೇ ಹೋದ.

ಈಗ ಲಾಯರಮ್ಮ ಆ ಪ್ರಶ್ನೆಯನ್ನು ಅವನಿಗೆ ಮತ್ತೆ ಕೇಳಬೇಕಂತೆ. ನಾನು ಮತ್ತೆ ಕೈ ಬೆನ್ನ ಹಿಂದೆ ಇಟ್ಟುಕೊಂಡು ಕೂರಬೇಕಂತೆ.

ಜುಲೈ ೧, ಸೋಮವಾರ

ನಾಳೆ ನನ್ನ ಸಾಕ್ಷಿ. ಲಾಯರಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

"ನೋಡಿ, ನಿಮ್ಮ ಮಾತಿಗೆ ನೀವೇ ಸಾಕ್ಷಿ. ನಿಮಗೆ ಅನುಕೂಲ ಆಗೋ ಹಾಗೆ ಕಥೆ ಕಟ್ಟಿದೀರಿ ಅಂತಾರೆ. ಮೊದಲೇ ಹೇಳಿಬಿಟ್ರೆ ಅವರು ಎಚ್ಚೆತ್ಕೋತಾರೆ. 'ಅಂಥದ್ದೇನೂ ನಡೆದೇ ಇಲ್ಲ, ನಾನಾಗೇ ಮನೆ ಬಿಟ್ಟೆ' ಅಂತ ನಿಮ್ಮಣ್ಣ ಅಂದ್ರೆ ಮುಗೀತು. ಶೆಡ್ಡು ಹೋಗುತ್ತೆ. ಸುಮ್ಮನಿದ್ರೆ ಗೆಲ್ತೀರಿ. ನಾನು ನಿಮಗೆ ಸುಳ್ಳು ಹೇಳಿ ಅಂತ ಹೇಳ್ತಿಲ್ಲ. ಕೇಳದೇ ಇರೋದನ್ನ ಹೇಳಬೇಡಿ ಅಂತಷ್ಟೇ."

ಕೇಳದೇ ಇರುವುದನ್ನು ಹೇಳದೆ ಇರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮದುವೆ ಮಾಡಿಕೊಳ್ಳದೆ ಈ ಶೆಡ್ಡನ್ನೇ ಕಟ್ಟಿಕೊಂಡವಳು ನಾನು. ಶೆಡ್ಡು ಹೋದರೆ ನನಗೆ ಏನೂ ಉಳಿಯುವುದಿಲ್ಲ. ಭಯವಾಗುತ್ತಿದೆ. ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಜುಲೈ ೨, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಟಕಟೆಯ ಮುಂದಿನ ಮೇಜಿನ ಮೇಲೆ ಅಪ್ಪನ ಅಚ್ಚು, ನಮ್ಮ ಹಿಡಿಕೆ, ಕಂಪನಿಯ ಹಿಡಿಕೆ ಮೂರೂ ಚೀಟಿ ಕಟ್ಟಿಸಿಕೊಂಡು ಮಲಗಿದ್ದವು. ಲಾಯರಮ್ಮ ಕೇಳಿದ್ದಕ್ಕೆಲ್ಲ ಹೌದು, ಇಲ್ಲ ಎಂದೆ. ಆಮೇಲೆ ಎದುರು ವಕೀಲ ಪಾಟೀಸವಾಲಿಗೆ ಎದ್ದ.

"ನಿಮ್ಮ ತಂದೆಯವರು ಗುಳಿ ಇಲ್ಲದ ಅಚ್ಚು ಮಾಡಿದ್ರು. ಹೌದೋ ಅಲ್ವೋ?"

"ಹೌದು."

"ಅಂದ್ರೆ ಗುಳಿ ಆಮೇಲೆ ಬಂದಿದ್ದು."

"ಹೌದು."

"ಅದನ್ನ ಸೇರಿಸಿದ್ದು ನೀವೇ."

"ಹೌದು, ನಾನೇ."

ಅವನ ಮುಖ ಅರಳಿತು. ಲಾಯರಮ್ಮ ಕಣ್ಣು ಮುಚ್ಚಿಕೊಂಡಳು.

"ಯಾವಾಗ ಅಂತ ಸ್ವಾಮಿಯವರಿಗೆ ಹೇಳಿಬಿಡಿ."

"ಹದಿನೈದನೇ ವಯಸ್ಸಲ್ಲಿ," ಅಂದೆ.

ಅವನು ಬಾಯಿ ತೆರೆಯುವಷ್ಟರಲ್ಲಿ ಉಳಿದದ್ದನ್ನೆಲ್ಲ ಹೇಳಿದೆ. ಊಟದ ಹೊತ್ತು, ಉಳಿ, ಸೀಳು, ಬೆರಳಿಟ್ಟು ಕೆರೆದದ್ದು. ನಾಲ್ಕು ದಿನದ ಮೇಲೆ ಅದೇ ಅಚ್ಚಿನಲ್ಲಿ ಹೊಯ್ದ ಹಿಡಿಕೆಯನ್ನೇ ಫೋಟೋದಲ್ಲಿ ಹೆಡ್‌ಮಾಸ್ತರು ಹಿಡಿದಿರುವುದು. ಅಪ್ಪ ಯಾರು ಎಂದಾಗ ನಾನು ಸುಮ್ಮನಿದ್ದದ್ದು. ಎಡಗೈ ಎತ್ತಿ ಕಲೆ ತೋರಿಸಿದೆ.

"ಕಲೆ ಮೇಲೆ ತಾರೀಖಿಲ್ಲ ಸ್ವಾಮಿ," ಅಂದ ವಕೀಲ. ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ನಮ್ಮ ಹಿಡಿಕೆಯನ್ನು ತರಿಸಿಕೊಂಡು ಕೈಯಲ್ಲಿ ಹಿಡಿದಿದ್ದರು. ಅವರ ಹೆಬ್ಬೆರಳು ತಾನಾಗಿ ಗುಳಿಗೆ ಹೋಗಿತ್ತು.

ಆಗ ಬೆಂಚಿನ ಕಡೆಯಿಂದ ಮಾತು ಕೇಳಿಸಿತು.

"ಹಾಗಾದ್ರೆ ಅಪ್ಪ ಅಲ್ವಾ?"

ಅಣ್ಣ ಎದ್ದು ನಿಂತಿದ್ದ. ವಕೀಲ ಅವನ ತೋಳು ಜಗ್ಗಿದ. ನ್ಯಾಯಾಧೀಶರು "ಏನಂದ್ರಿ ನೀವು?" ಎಂದರು. ಅವನಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ನನ್ನನ್ನೇ ನೋಡುತ್ತಾ ಹೇಳಿದ, "ಅಪ್ಪನೇ ಉಳಿ ಜಾರಿಸಿ ನನ್ನ ತಲೆಗೆ ಕಟ್ಟಿದ ಅಂದ್ಕೊಂಡಿದ್ದೆ. ಅದಕ್ಕೇ ಅಪ್ಪನ ಮಣ್ಣಿಗೂ ಬರ್ಲಿಲ್ಲ ನಾನು."

ಆಮೇಲೆ ಕೂತುಬಿಟ್ಟ. ಹೊರಗೆ ಬಂದಾಗ ಲಾಯರಮ್ಮ ನನ್ನ ಭುಜ ಹಿಡಿದು, "ನಿಮ್ಮಣ್ಣ ತಾವೇ ಒಪ್ಕೊಂಡುಬಿಟ್ರು, ಕೇಸು ನಮ್ಮದೇ," ಅಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಜುಲೈ ೧೮, ಗುರುವಾರ

ಅಣ್ಣನ ಸಾಕ್ಷಿ. ಅವನ ವಕೀಲ ಹೇಳಿಕೊಟ್ಟಿದ್ದೇ ಬೇರೆ ಇರಬೇಕು, ಆ ವಕೀಲ ಮಧ್ಯೆ ಮಧ್ಯೆ ಎಚ್ಚರಿಸುವ ಹಾಗೆ ಕೆಮ್ಮುತ್ತಿದ್ದ. ಲಾಯರಮ್ಮ ಒಂದೇ ಪ್ರಶ್ನೆ ಕೇಳಿದಳು. "ಆ ಗುಳಿಗಾಗೇ ನನ್ನನ್ನ ಹೊರಗೆ ಹಾಕಿದ್ದು. ಮೂವತ್ತೆರಡು ವರ್ಷ ಆಯ್ತು," ಅಂದ ಅಣ್ಣ. ಇಳಿದು ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಕಂಪನಿಯವರು ಅವನನ್ನು ಕೆಲಸದಿಂದ ತೆಗೆದರಂತೆ.

ಸೆಪ್ಟೆಂಬರ್ ೯, ಸೋಮವಾರ

ನೋಂದಣಿ ರದ್ದಾಯಿತು. ಗುಳಿ ಹೊಸದಲ್ಲ, ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಮಾಡಬಹುದು. ಕುಲುಮೆ ಹಚ್ಚಿದೆವು. ಬಿಟ್ಟು ಹೋಗಿದ್ದ ಎರಕದವನೂ ತಲೆ ಕೆರೆದುಕೊಂಡು ಬಂದು ನಿಂತ. ಮೊದಲ ಹಿಡಿಕೆಯನ್ನು ಮರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಬಿಸಿಯಿತ್ತು. ಬೆರಳಿಡಲು ಮನಸ್ಸಾಗಲಿಲ್ಲ.

ಕೋರ್ಟಿಗೆ ಬೇಕಾದ ಸತ್ಯ ಕೊಟ್ಟಾಯಿತು. ಇನ್ನೊಂದಿದೆ, ಅದನ್ನು ಯಾವ ವಕೀಲನೂ ಕೇಳಲಿಲ್ಲ.

ಎಂಟು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಾಗ ಹೇಳಿದ್ದ, "ಹುಡುಗ ಕೆಡಿಸಿದ್ದೇ ನಮ್ಮನ್ನ ಇಷ್ಟು ವರ್ಷ ಸಾಕ್ತು ಕಣೆ. ನಾನೇ ದುಡುಕಿದೆ. ಅವನನ್ನ ಕರೆಸು." ಕರೆಸುತ್ತೇನೆ ಎಂದೆ. ಅವನು ಬಂದರೆ ಆ ದಿನದ ಮಾತು ಬರುತ್ತದೆ, ಇಬ್ಬರೂ ಕೂತು ಲೆಕ್ಕ ಹಾಕಿದರೆ ನನ್ನ ಬಂಡವಾಳ ಬಯಲಾಗುತ್ತದೆ ಎಂದು ಕರೆಸಲಿಲ್ಲ. ಅಪ್ಪ ದಿನಾ ಬೆಳಿಗ್ಗೆ "ಬಂದನಾ?" ಎಂದು ಕೇಳುತ್ತಿದ್ದ. "ಹೇಳಿ ಕಳಿಸಿದೀನಿ" ಎನ್ನುತ್ತಿದ್ದೆ. ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಸೆಪ್ಟೆಂಬರ್ ೧೫, ಭಾನುವಾರ

ಅಣ್ಣನ ಮನೆಗೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲಿಗೆ ಗುಳಿ ಹಿಡಿಕೆ. ಕಂಪನಿಯದಲ್ಲ, ನಮ್ಮದೇ, ಅಪ್ಪನ ಕಾಲದ್ದು. ಯಾವ ಅಂಗಡಿಯಲ್ಲಿ ಕೊಂಡು ತಂದನೋ. ಬೆರಳು ಅದರ ಜಾಗಕ್ಕೆ ಹೋಗಿ ಕೂತಿತು.

ಅಣ್ಣ ಬಾಗಿಲು ತೆಗೆದ, ಒಳಗೆ ಬಾ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ. ಅಪ್ಪ ಕರೆಸು ಎಂದದ್ದು, ನಾನು ಕರೆಸದೆ ಇದ್ದದ್ದು, ದುಡುಕಿದೆ ಎಂದದ್ದು. ಅಣ್ಣ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡ.

"ಅಪ್ಪ ಹಾಗಂದಿದ್ದು ಯಾವಾಗ?"

"ಹೋಗೋಕೆ ಒಂದು ತಿಂಗಳು ಮುಂಚೆ."

"ಒಂದು ತಿಂಗಳು ಟೈಮಿತ್ತು," ಅಂದ.

ಬೈಗುಳ ಕೇಳಲು ತಯಾರಾಗಿ ಹೋಗಿದ್ದೆ. ಅವನು ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದ.

ಮನೆಗೆ ಬಂದು ಅಮ್ಮನಿಗೂ ಹೇಳಿದೆ. "ಅಪ್ಪ ಕರೆದಿದ್ದು ಅಣ್ಣನಿಗೆ ಗೊತ್ತೇ ಇರ್ಲಿಲ್ಲಮ್ಮ. ನಾನು ಹೇಳಿ ಕಳಿಸಲೇ ಇಲ್ಲ." ಅಮ್ಮ ನನ್ನ ಮುಖವನ್ನೇ ನೋಡುತ್ತಾ ಕೂತಳು. ಅವಳು ಹೊಡೆದಿದ್ದರೆ ತಲೆ ಒಡ್ಡುತ್ತಿದ್ದೆ.

ಕೊನೆಗೆ ಕೇಳಿದಳು, "ತೆಳ್ಳಗಾಗಿದಾನಾ?"

ಇವತ್ತು ನೋಡಿದ್ದೆ. "ತುಂಬ ತೆಳ್ಳಗಾಗಿದಾನಮ್ಮ," ಅಂದೆ.

ಅಮ್ಮ ಗೋಡೆ ಹಿಡಿದುಕೊಂಡು ಎದ್ದು, ಮಂಚದ ಕೆಳಗೆ ಬಗ್ಗಿ ತನ್ನ ಚಪ್ಪಲಿ ಹುಡುಕತೊಡಗಿದಳು.